ಶಾಬಾನನ ಎದುರು ನಿಂತವನು

ತುರ್ಕಿಯ ರಂಗಭೂಮಿಯಲ್ಲಿ ಒಂದು ಹಳೇ ರುಮಾಲು ಕೈಯಿಂದ ಕೈಗೆ ಸಾಗುತ್ತಿದೆ. ಅಲ್ಲಿಯವರು ಅದನ್ನು 'ಕವುಕ್' ಅನ್ನುತ್ತಾರೆ. ಮೊದಲು ಕೆಲ್ ಹಸನ್ ಎಂಬ ನಟನ ತಲೆಯ ಮೇಲಿತ್ತು, ಆಮೇಲೆ ಇಸ್ಮಾಯಿಲ್ ದುಂಬುಲ್ಲು ಪಾಲಿಗೆ ಬಂತು. ದುಂಬುಲ್ಲು ಅದನ್ನು 1968ರಲ್ಲಿ ಮ್ಯುನಿರ್ ಓಜ್‌ಕುಲ್ ಅವರಿಗೆ ಕೊಟ್ಟರು. ಓಜ್‌ಕುಲ್ 1989ರಲ್ಲಿ ಫೆರ್ಹಾನ್ ಶೆನ್‌ಸೊಯ್‌ಗೆ, ಶೆನ್‌ಸೊಯ್ 2016ರಲ್ಲಿ ರಾಸಿಮ್ ಓಜ್‌ತೆಕಿನ್‌ಗೆ, ಅವರು 2020ರಲ್ಲಿ ಶೆವ್‌ಕೆತ್ ಚೊರುಹ್‌ಗೆ. ಇದು ಸರ್ಕಾರ ಕೊಡುವ ಪ್ರಶಸ್ತಿಯಲ್ಲ, ಆಯ್ಕೆ ಸಮಿತಿಯೂ ಇಲ್ಲ. ಇಟ್ಟುಕೊಂಡಿದ್ದವರೇ ತಮ್ಮ ನಂತರ ಊರನ್ನು ನಗಿಸುವವನು ಇವನು ಅಂತ ಆರಿಸಿ ಒಪ್ಪಿಸುತ್ತಾರೆ.

ಈ ರುಮಾಲು 'ಓರ್ತಾ ಓಯುನು' ಎಂಬ ಬಯಲಾಟದ್ದು. ವೇದಿಕೆ ಇಲ್ಲ, ಜನ ಸುತ್ತ ಕೂರುತ್ತಾರೆ, ನಡುವೆ ಆಟ. ಸಾಮಾನು ಅಂದರೆ ಎರಡೇ: ಮನೆ ಎಂದು ತಿಳಿಯಬೇಕಾದ ಒಂದು ದೊಡ್ಡ ಮಡಚುಪರದೆ, ಅಂಗಡಿ ಎಂದು ತಿಳಿಯಬೇಕಾದ ಒಂದು ಚಿಕ್ಕ ಪರದೆ. ಚಿಕ್ಕದರ ಹೆಸರು 'ದುಕ್ಕಾನ್'. ನಮ್ಮ ದುಕಾನೇ. ಮುಖ್ಯ ಪಾತ್ರಗಳೂ ಎರಡೇ. ರುಮಾಲು ಹಾಕಿಕೊಂಡ ಕವುಕ್ಲು ಎಂಬ ಪೆದ್ದ, ಅವನನ್ನು ಮಾತಿಗೆಳೆಯುವ ಪಿಶೆಕಾರ್ ಎಂಬ ನಯಸ್ಥ. ಪಿಶೆಕಾರ್ ಒಂದು ಮಾತು ಹೇಳುತ್ತಾನೆ, ಕವುಕ್ಲು ಅದನ್ನು ತಪ್ಪಾಗಿ ಕೇಳಿಸಿಕೊಳ್ಳುತ್ತಾನೆ, ಪಿಶೆಕಾರ್ ತಾಳ್ಮೆಯಿಂದ ತಿದ್ದುತ್ತಾನೆ, ತಿದ್ದಿದ್ದು ಇನ್ನೂ ಕೆಡುತ್ತದೆ. ಅಲ್ಲಿನ ತೊಗಲುಗೊಂಬೆಯಾಟದ ಕರಗೋಜ್ ಮತ್ತು ಹಾಜಿವಾತ್ ಜೋಡಿಯದೂ ಇದೇ ಕಸುಬು. ಒಬ್ಬನದು ಓದಿಕೊಂಡವರ ಭಾಷೆ, ಇನ್ನೊಬ್ಬನಿಗೆ ಅದು ಅರ್ಥವೇ ಆಗುವುದಿಲ್ಲ. ಯಕ್ಷಗಾನದಲ್ಲಿ ಹಾಸ್ಯಗಾರನನ್ನು ಭಾಗವತರು ಪ್ರಶ್ನೆ ಕೇಳಿ ಕೆಣಕುವುದನ್ನು ನೋಡಿದವರಿಗೆ ಈ ಲೆಕ್ಕ ತಕ್ಷಣ ಹತ್ತುತ್ತದೆ.

ಈಗ ವಿಚಿತ್ರ ನೋಡಿ. ಪೆದ್ದನ ರುಮಾಲು ಪಡೆದ ಓಜ್‌ಕುಲ್ ಅವರನ್ನು ಇವತ್ತು ತುರ್ಕಿಯ ಮನೆಮನೆಯಲ್ಲಿ ನೆನೆಯುವುದು ನಗಿಸಿದವರೆಂದಲ್ಲ. ಬೋಳುತಲೆಯ, ಸಿಡುಕಿನ, ಒಳಗೆ ಕರಗುವ ಮೇಷ್ಟ್ರಾಗಿ. ಕವುಕ್ಲು ಆಗಬೇಕಿದ್ದವರು ಸಿನಿಮಾದಲ್ಲಿ ಪಿಶೆಕಾರ್ ಆದರು. 1970ರ ದಶಕದ ತುರ್ಕಿ ಹಾಸ್ಯಚಿತ್ರಗಳ ಬೀಗದ ಕೈ ಇಲ್ಲಿದೆ ಎಂಬುದು ನಮ್ಮ ಎಣಿಕೆ. ಹೊಸದಾಗಿ ನೋಡುವವರು ಶಾಬಾನ್ ಎಂಬ ಪೆದ್ದನ ಪಾತ್ರದಿಂದ ಹೆಸರಾದ ಕೆಮಾಲ್ ಸುನಾಲ್ ಅವರ ಹಲ್ಲು, ಉದ್ದ ಮುಖ, ಹೆಹೆಹೆ ನಗೆಯನ್ನೇ ನೋಡುತ್ತಾ ಕೂರುತ್ತಾರೆ. ಎರಡನೇ ಸಲ ನೋಡುವಾಗ ಅವರನ್ನು ಬಿಟ್ಟು, ಎದುರು ನಿಂತು ನಗದೇ ಇರುವವರನ್ನು ನೋಡಬೇಕು.

'ಹಬಾಬಾಮ್ ಸಿನಿಫಿ'ಯಿಂದ ಶುರುಮಾಡೋಣ. 1975ರ ಚಿತ್ರ, ನಿರ್ದೇಶನ ಎರ್ತೆಮ್ ಎಯಿಲ್ಮೆಜ್, ನಿರ್ಮಾಣ ಅವರದೇ ಅರ್ಜು ಫಿಲ್ಮ್. ಮೂಲ ರಿಫಾತ್ ಇಲ್ಗಾಜ್ ಅವರ ಪುಸ್ತಕ. ಇಲ್ಗಾಜ್ ಶಾಲಾ ಶಿಕ್ಷಕರು, ಕವಿ. 1944ರಲ್ಲಿ 'ಸಿನಿಫ್' ಎಂಬ ಕವನಸಂಕಲನ ತಂದು ಅದಕ್ಕಾಗಿಯೇ ಜೈಲು ಸೇರಿದವರು. 'ಸಿನಿಫ್' ಅಂದರೆ ಶಾಲೆಯ ತರಗತಿಯೂ ಹೌದು, ಸಮಾಜದ ವರ್ಗವೂ ಹೌದು. ಕನ್ನಡದ 'ವರ್ಗ' ಎಂಬ ಪದದ ಹಾಗೆಯೇ ಎರಡು ಬದಿಗೂ ಹರಿಯುವ ಪದ. ಆಮೇಲೆ 1950ರ ದಶಕದಲ್ಲಿ 'ದೊಲ್ಮುಶ್' ಎಂಬ ಹಾಸ್ಯಪತ್ರಿಕೆಗೆ ಶಾಲೆಯ ಕಥೆಗಳನ್ನು ಬರೆಯುವಾಗ ಅವರು ಇಟ್ಟುಕೊಂಡ ಗುಪ್ತನಾಮ 'ಸ್ಟೆಪ್ನೆ'. ದೊಲ್ಮುಶ್ ಅಂದರೆ ಸೀಟು ತುಂಬಿದ ಮೇಲೆ ಹೊರಡುವ ಶೇರ್ ಟ್ಯಾಕ್ಸಿ. ಅದರ ಡಿಕ್ಕಿಯಲ್ಲಿರುವ ಬದಲಿ ಟೈರೇ ಸ್ಟೆಪ್ನೆ. ನಮ್ಮ ಲಾರಿ ಡ್ರೈವರುಗಳ ಬಾಯಲ್ಲಿರುವ ಸ್ಟೆಪ್ನಿಯೇ ಇದು, ಬೇರೆ ಇನ್ನೇನಲ್ಲ.

'ಹಬಾಬಾಮ್' ಅಂದರೆ ಬಿಡುವಿಲ್ಲದೆ, ಒಂದೇ ಸಮನೆ. ಚಿತ್ರದ ಹುಡುಗರು ಖಾಸಗಿ ಹಾಸ್ಟೆಲ್ ಶಾಲೆಯಲ್ಲಿ ವರ್ಷಗಟ್ಟಲೆ ಕೊಳೆಯುತ್ತಿರುವ ದಾಂಡಿಗರು. ಒಬ್ಬೊಬ್ಬರಿಗೂ ಅಡ್ಡಹೆಸರು. ಮೋಟು ನೆಜ್ಮಿ, ಅಳಿಯ ಫೆರಿತ್, ಹಸು ಶಾಬಾನ್. ಈ 'ಹಸು' ಯಾಕೆ ಅಂತ ಸಬ್‌ಟೈಟಲ್ ಹೇಳುವುದಿಲ್ಲ. ತುರ್ಕಿ ವಿದ್ಯಾರ್ಥಿಗಳ ಭಾಷೆಯಲ್ಲಿ ಹಸು ಅಂದರೆ ಪುಸ್ತಕ ಮೇಯುವವನು, ನಮ್ಮಲ್ಲಿ ಹೇಳುವ ಕುಡುಮಿ. ಪುಸ್ತಕದ ಶಾಬಾನ್ ನಿಜಕ್ಕೂ ಓದುವ ಹುಡುಗ. ಚಿತ್ರಕ್ಕೆ ಬರುವಾಗ ಹೆಸರು ಹಾಗೇ ಉಳಿಯಿತು, ಹುಡುಗ ಮಾತ್ರ ಪೆದ್ದನಾದ. ಕುಡುಮಿ ಹೋಗಿ ದನವೇ ಉಳಿಯಿತು ಅನ್ನಿ. ಪುಸ್ತಕದಲ್ಲಿ ಬಾಯಿಪಾಠದ ಶಿಕ್ಷಣದ ಮೇಲೆ ಹರಿತವಾದ ಸಿಟ್ಟಿದೆ. ಚಿತ್ರ ಅದನ್ನು ಮೆತ್ತಗೆ ಮಾಡಿ, ಮೇಷ್ಟ್ರ ಮತ್ತು ಹುಡುಗರ ನಡುವಿನ ಮಮತೆಯ ಕಡೆಗೆ ತಿರುಗಿಸಿತು. ಅದನ್ನು ನಷ್ಟ ಅಂತ ಲೆಕ್ಕ ಹಾಕುವವರ ಮಾತನ್ನು ತಳ್ಳಿಹಾಕಲಾಗದು.

ಓಜ್‌ಕುಲ್ ಇಲ್ಲಿ ಮಹ್ಮುತ್ ಮೇಷ್ಟ್ರು. ಎದುರಿಗೆ 'ಹೋಜಮ್' ಅಂದರೆ ಮೇಷ್ಟ್ರೇ, ಬೆನ್ನ ಹಿಂದೆ 'ಬೋಳು ಮಹ್ಮುತ್'. ಹುಡುಗರು ಕೇಕೆ ಹಾಕುವ ದೃಶ್ಯಗಳಲ್ಲಿ ಅವರನ್ನು ಗಮನಿಸಿ. ಸದ್ದು ಮುಗಿಯುವವರೆಗೂ ಅವರು ದನಿ ಎತ್ತುವುದಿಲ್ಲ. ಸುಮ್ಮನೆ ನಿಲ್ಲುತ್ತಾರೆ. ಶಾಬಾನ್ ಬಾಯಿಬಿಟ್ಟು ಒಂದು ಅಸಂಬದ್ಧ ಉತ್ತರ ಕೊಟ್ಟ ಮೇಲೆ, ಅದರಲ್ಲೇನಾದರೂ ಅರ್ಥವಿರಬಹುದೇನೋ ಎಂಬಂತೆ ಒಂದು ಗಳಿಗೆ ಅವನನ್ನೇ ದಿಟ್ಟಿಸುತ್ತಾರೆ. ನಗು ಹುಟ್ಟುವುದು ಆ ಗಳಿಗೆಯಲ್ಲಿ. ಶಾಬಾನನ ಮಾತಿನಿಂದಲ್ಲ, ಮೇಷ್ಟ್ರು ಅದನ್ನು ಒಂದು ಉತ್ತರವೆಂದು ಗೌರವಿಸಿ ತೂಗಿ ನೋಡಿದ್ದರಿಂದ. ಅವರು ಅವಸರಪಟ್ಟು ಬೈದಿದ್ದರೆ ಮುಂದೆ ಹಲವು ಭಾಗ ಕಂಡ ಈ ಚಿತ್ರಸರಣಿ ಎರಡೇ ಭಾಗಕ್ಕೆ ಮುಗಿಯುತ್ತಿತ್ತು. ಗಂಟೆ ಬಾರಿಸುವ ಹಫೀಜೆ ಅಮ್ಮನಾಗಿ ಆದಿಲೆ ನಾಶಿತ್ ಇದ್ದಾರೆ. ಅವರ ತಂದೆ ನಾಶಿತ್ ಬೇ ಹಳೇ ಇಸ್ತಾಂಬುಲ್ಲಿನ ಹೆಸರಾಂತ ಹಾಸ್ಯನಟರು. ಮನೆಯಲ್ಲೇ ರಂಗಭೂಮಿ ಕಂಡವರು ಅನ್ನುವುದು ಆ ಕುಲುಕುಲು ನಗೆಯನ್ನು ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬ ಅಂದಾಜಿನಲ್ಲಿ ಕಾಣುತ್ತದೆ. ಮೆಲಿಹ್ ಕಿಬಾರ್ ಅವರ ಸಂಗೀತವೂ ಹಾಗೆಯೇ. ಇರುವುದು ಮುಖ್ಯವಾಗಿ ಒಂದೇ ರಾಗ. ಓಡಿಸಿದರೆ ಕೀಟಲೆ, ನಿಧಾನಿಸಿದರೆ ಕಣ್ಣೀರು.

ಇಷ್ಟೊಂದು ತಾಳ್ಮೆಯ ನಟನೆ ಎಲ್ಲಿಂದ ಬಂತು? ಒಂದು ಕಾರಣ ರಂಗಭೂಮಿ. ಇನ್ನೊಂದು, ಯಾರೂ ಹೊಗಳದ ಕಾರಣ, ಬಡತನ.

ತುರ್ಕಿಯ ಚಿತ್ರರಂಗಕ್ಕೆ 'ಯೆಶಿಲ್‌ಚಾಮ್' ಎಂಬ ಹೆಸರು ಬಂದದ್ದು ಇಸ್ತಾಂಬುಲ್ಲಿನ ಬೇಯೋಲು ಭಾಗದ ಒಂದು ಗಲ್ಲಿಯಿಂದ. ನಿರ್ಮಾಪಕರ ಕಚೇರಿಗಳು ಅಲ್ಲಿ ಒತ್ತಾಗಿದ್ದವು. ನಮ್ಮಲ್ಲಿ ಗಾಂಧಿನಗರ ಅಂದ ಹಾಗೆ. 1972ರಲ್ಲಿ ಸುಮಾರು 300 ಚಿತ್ರಗಳು ತಯಾರಾದವು. ಇದಕ್ಕೆ ಬಂಡವಾಳ ಬರುತ್ತಿದ್ದದ್ದು ಪ್ರದೇಶ ಹಂಚಿಕೆದಾರರಿಂದ. ಅದಾನಾ, ಇಜ್ಮಿರ್, ಸಾಮ್ಸುನ್ ಹೀಗೆ ಒಂದೊಂದು ಸೀಮೆಯವರು ತಮ್ಮ ಊರಿನ ಪ್ರೇಕ್ಷಕರಿಗೆ ಯಾವ ನಟ, ಯಾವ ಬಗೆಯ ಕಥೆ ಬೇಕೆಂದು ಹೇಳಿ, ಚಿತ್ರ ಶುರುವಾಗುವ ಮೊದಲೇ ಪ್ರಾಮಿಸರಿ ನೋಟು ಬರೆದುಕೊಡುತ್ತಿದ್ದರು. ನಿರ್ಮಾಪಕ ಅದನ್ನು ಬಡ್ಡಿಗೆ ಮುರಿಸಿ ಕ್ಯಾಮೆರಾ ತರುತ್ತಿದ್ದ. ಕಚ್ಚಾ ಫಿಲ್ಮ್ ವಿದೇಶದಿಂದ ಬರಬೇಕು, ವಿದೇಶಿ ವಿನಿಮಯದ ಬರ ಬೇರೆ. ಹಾಗಾಗಿ ಒಂದು ಶಾಟಿಗೆ ಒಂದು ಟೇಕ್, ಹೆಚ್ಚೆಂದರೆ ಎರಡು. ಒಂದೇ ಟೇಕಿನಲ್ಲಿ ನಗೆ ಕೆಡದಂತೆ ಮುಗಿಸಬಲ್ಲವರು ಯಾರು? ನಾಟಕದವರು.

ದನಿಯದೂ ಅದೇ ಕಥೆ. ಸ್ಥಳದಲ್ಲಿ ಧ್ವನಿಮುದ್ರಣ ಇರಲಿಲ್ಲ. ಕ್ಯಾಮೆರಾ ಪಕ್ಕದಲ್ಲಿ ಒಬ್ಬ ಮಾತುಗಳನ್ನು ಜೋರಾಗಿ ಓದಿಹೇಳುತ್ತಿದ್ದ, ನಟರು ಕೇಳಿಸಿಕೊಂಡು ನುಡಿಯುತ್ತಿದ್ದರು, ನಿಜವಾದ ಮಾತು ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ. ಚೆಲುವ ನಾಯಕರಿಗೆ ಬಹುಮಟ್ಟಿಗೆ ಬೇರೆಯವರ ಕಂಠ. ಈ ಚಿತ್ರಗಳಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವುದು ಅಪರೂಪ ಎನ್ನುವುದನ್ನು ಒಮ್ಮೆ ಗಮನಿಸಿದರೆ ಮತ್ತೆ ಮರೆಯಲಾಗದು. ಒಬ್ಬ ಮುಗಿಸುತ್ತಾನೆ, ಸಣ್ಣ ಖಾಲಿ, ಇನ್ನೊಬ್ಬ ಶುರುಮಾಡುತ್ತಾನೆ. ಗಂಭೀರ ಚಿತ್ರದಲ್ಲಿ ಇದು ಮರದ ಗೊಂಬೆಗಳ ಸಂಭಾಷಣೆಯ ಹಾಗೆ ಕೇಳುತ್ತದೆ. ಹಾಸ್ಯದಲ್ಲಿ ಮಾತ್ರ ಆ ಸಣ್ಣ ಖಾಲಿಯೇ ವರವಾಯಿತು, ಏಕೆಂದರೆ ನಗದವನಿಗೆ ಮುಖ ತೋರಿಸಲು ಸಿಗುವ ಜಾಗ ಅಷ್ಟೇ.

ಎಲ್ಲವೂ ಹೀಗೆ ವರವಾಗಲಿಲ್ಲ, ಅದನ್ನೂ ಹೇಳಬೇಕು. ಪಾಶ್ಚಾತ್ಯ ಚಿತ್ರಗಳ ಹಿನ್ನೆಲೆ ಸಂಗೀತವನ್ನು ರೆಕಾರ್ಡಿನಿಂದ ನೇರವಾಗಿ ಎತ್ತಿ ಅಂಟಿಸುವ ಚಾಳಿ ಕಿವಿಗೆ ಹೊಡೆಯುತ್ತದೆ. ಕ್ಯಾಮೆರಾ ಸರಿಸಲು ಪುರುಸೊತ್ತಿಲ್ಲದೆ ಜೂಮ್ ಮೇಲೆ ಜೂಮ್. ಕಪಾಳಮೋಕ್ಷವೇ ಸಂಸಾರದ ಮದ್ದು ಎಂಬಂಥ ದೃಶ್ಯಗಳು ಇವತ್ತು ಗಂಟಲಲ್ಲಿ ಇಳಿಯುವುದಿಲ್ಲ. 1980ರ ದಶಕದಲ್ಲಿ ಸುನಾಲ್ ಹೆಸರೊಂದರ ಮೇಲೆ ಸಾಲುಸಾಲಾಗಿ ಬಂದ ಚಿತ್ರಗಳಲ್ಲಿ ಹಲವು ಬರೀ ಸುನಾಲ್ ಇರುವ ಚಿತ್ರಗಳು. ಎದುರಿಗೆ ನಿಲ್ಲುವವರೇ ಇಲ್ಲ, ಅದಕ್ಕೇ ಸಪ್ಪೆ.

ಎದುರಿಗೆ ಗಟ್ಟಿಗರು ನಿಂತಾಗ ಏನಾಗುತ್ತದೆ ಎನ್ನುವುದಕ್ಕೆ 1976ರ 'ತೊಸುನ್ ಪಾಶಾ' ನೋಡಿ. ಒಟ್ಟೋಮನ್ ಕಾಲದ ಈಜಿಪ್ಟು, ಒಂದು ಹಸಿರು ಕಣಿವೆಗಾಗಿ ಎರಡು ಮನೆತನಗಳ ಜಗಳ. ಒಂದು ಮನೆಯವರು ತಮ್ಮ ಆಳು ಶಾಬಾನನಿಗೆ ಪಾಶಾ ವೇಷ ಹಾಕಿಸುತ್ತಾರೆ. ವೇಷ ಕಲಿಸುವ ಲುತ್ಫಿ ಆಗಿ ಶೆನೆರ್ ಶೆನ್. ಆಳಿಗೆ ಅಧಿಕಾರದ ರುಚಿ ಹತ್ತಿದ ಮೇಲೆ ಧಣಿಯನ್ನೇ ಗೋಳು ಹೊಯ್ದುಕೊಳ್ಳುತ್ತಾನೆ. ನಾಲ್ಕು ಜನರ ಮುಂದೆ ಲುತ್ಫಿ ಉಸಿರೆತ್ತುವಂತಿಲ್ಲ, ಎತ್ತಿದರೆ ಗುಟ್ಟು ರಟ್ಟು. ಶೆನ್ ಮುಖದಲ್ಲಿ ನಗು ತುಟಿಯವರೆಗೆ, ಕೋಪ ಕಣ್ಣಿನವರೆಗೆ, ಎರಡೂ ಒಟ್ಟಿಗೆ ನಿಂತಿರುತ್ತವೆ. ಸುನಾಲ್ ಅವರ ಬಾಯಲ್ಲಿ ಆಗಾಗ ಬರುವ ಬೈಗುಳವೊಂದಿದೆ: 'ಎಶ್ಶೋಲು ಎಶ್ಶೆಕ್'. ಸಬ್‌ಟೈಟಲಿನಲ್ಲಿ ಇದು ಏನೇನೋ ಆಗಿಬಿಡುತ್ತದೆ. ಕನ್ನಡಿಗರಿಗೆ ಆ ತೊಂದರೆಯೇ ಇಲ್ಲ. ಕತ್ತೆಯ ಮಗ ಕತ್ತೆ, ಅಷ್ಟೇ. ಬಿಸಿಯೂ ಅದೇ, ಸಲಿಗೆಯೂ ಅದೇ.

ಪೆದ್ದನಿಲ್ಲದೆ, ಇಬ್ಬರೂ ನಗದವರೇ ಆದರೆ? ಅದಕ್ಕೂ ಉತ್ತರವಿದೆ, 1978ರ 'ನೆಶೆಲಿ ಗ್ಯುನ್ಲೆರ್'. ಉಪ್ಪಿನಕಾಯಿ ಅಂಗಡಿಯ ಗಂಡ ಹೆಂಡತಿಯಾಗಿ ಓಜ್‌ಕುಲ್ ಮತ್ತು ಆದಿಲೆ ನಾಶಿತ್. ಉಪ್ಪಿನಕಾಯಿಗೆ ಹಾಕಬೇಕಾದ್ದು ನಿಂಬೆರಸವೋ ವಿನೆಗರೋ ಎಂಬ ಜಗಳಕ್ಕೆ ಸಂಸಾರ ಮುರಿದು, ಆರು ಮಕ್ಕಳನ್ನು ಹಂಚಿಕೊಂಡು ಬೇರೆಯಾಗುತ್ತಾರೆ. ಕನ್ನಡದ ಪ್ರೇಕ್ಷಕರಿಗೆ ಇದು ಬರೀ ಹುಚ್ಚಾಟ ಅನ್ನಿಸಬಹುದು, ಏಕೆಂದರೆ ನಮ್ಮ ಉಪ್ಪಿನಕಾಯಿ ಬೇರೆ. ಅಲ್ಲಿಯದು ಎಣ್ಣೆ ಖಾರ ಇಲ್ಲದ ಉಪ್ಪುನೀರಿನ ಸರಕು. ಸೌತೆ, ಎಲೆಕೋಸು, ಹಸಿಮೆಣಸು, ಒಂದಿಷ್ಟು ಬೆಳ್ಳುಳ್ಳಿ, ಹುಳಿ ಬೇಗ ಏಳಲೆಂದು ನಾಲ್ಕಾರು ಕಾಬೂಲಿಕಡಲೆ. ಒಂದು ಲೀಟರ್ ನೀರಿಗೆ 50–60 ಗ್ರಾಂ ಕಲ್ಲುಪ್ಪು, ಎರಡರಿಂದ ನಾಲ್ಕು ವಾರ ತಂಪು ಜಾಗ. ಉಪ್ಪು ಕಮ್ಮಿಯಾದರೆ ತರಕಾರಿ ಮೆತ್ತಗಾಗಿ ಲೋಳೆ ಬರುತ್ತದೆ. ತರಕಾರಿ ನೀರಿನ ಮೇಲೆ ತೇಲಿದರೆ ಬಿಳಿ ಪೊರೆ ಕಟ್ಟುತ್ತದೆ. ವಿನೆಗರ್ ಹಾಕಿದರೆ ಮೊದಲ ದಿನದಿಂದಲೇ ಹುಳಿ ಜೋರು, ಕಾಯಿ ಗರಿಗರಿ, ಆದರೆ ಘಾಟು. ನಿಂಬೆಯದು ಹಗುರ ಹುಳಿ, ನೀರನ್ನು ಲೋಟದಲ್ಲಿ ಕುಡಿಯುವಂತಿರುತ್ತದೆ. ಅಂಗಡಿಗಳಲ್ಲಿ ಹಾಗೆ ಕುಡಿಯುವವರೂ ಇದ್ದಾರೆ. ಅಂದರೆ ಜಗಳಕ್ಕೆ ಕಾರಣ ಇದೆ, ಸಂಸಾರ ಮುರಿಯುವಷ್ಟಿಲ್ಲ. ಇಬ್ಬರೂ ಅದನ್ನು ಧರ್ಮಸಂಕಟದಷ್ಟು ಗಂಭೀರವಾಗಿ ಆಡುತ್ತಾರೆ, ಒಂದು ಕ್ಷಣವೂ 'ಇದು ತಮಾಷೆ ಕಣ್ರೀ' ಅಂತ ನಮಗೆ ಕಣ್ಣು ಹೊಡೆಯುವುದಿಲ್ಲ. ಕಥೆ ಬರೆದ ಸಾದಿಕ್ ಶೆಂದಿಲ್ ಇಂಥದ್ದರಲ್ಲಿ ನಿಸ್ಸೀಮರು.

ಅರ್ಜು ಫಿಲ್ಮ್ ಆಚೆಗೂ ಒಳ್ಳೆಯ ಕೆಲಸ ನಡೆದಿತ್ತು. ಉಮುರ್ ಬುಗಾಯ್ ಬರೆದು ಜೆಕಿ ಓಕ್ತೆನ್ ನಿರ್ದೇಶಿಸಿದ 1976ರ 'ಕಪಿಜಿಲಾರ್ ಕ್ರಾಲಿ'ಯಲ್ಲಿ ಸುನಾಲ್ ಅಪಾರ್ಟ್‌ಮೆಂಟಿನ ಕಾವಲುಗಾರ ಸೆಯಿತ್. ನೆಲಮಾಳಿಗೆಯಲ್ಲಿ ವಾಸ, ಬೆಳಿಗ್ಗೆ ಮನೆಮನೆಗೆ ಬ್ರೆಡ್ಡು ಪೇಪರು ತಲುಪಿಸುವ ಕೆಲಸ. ಇಲ್ಲಿ ಪೆದ್ದುತನ ಒಂದು ಮುಖವಾಡ. ಸೆಯಿತ್ ಎಲ್ಲರ ಗುಟ್ಟು ಬಲ್ಲವನು, ಕೊನೆಗೆ ಅದೇ ಕಟ್ಟಡದಲ್ಲಿ ಆಸ್ತಿ ಮಾಡುವವನು. ಈ ಪಾತ್ರಕ್ಕೆ ಅಂತಾಲ್ಯಾ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಬರೀ ಮಂಗನಾಟದವನು ಎಂದು ಮೂಗು ಮುರಿಯುತ್ತಿದ್ದವರಿಗೆ ಅದೊಂದು ಉತ್ತರ. ಇನ್ನೊಂದು ಉತ್ತರವನ್ನು ಸುನಾಲ್ ತಾವೇ ಕೊಟ್ಟರು. ಐವತ್ತು ದಾಟಿದ ಮೇಲೆ ವಿಶ್ವವಿದ್ಯಾಲಯದ ಪದವಿ ಮುಗಿಸಿ, 1998ರಲ್ಲಿ ಸ್ನಾತಕೋತ್ತರ ಪ್ರಬಂಧ ಬರೆದರು. ವಿಷಯ: ಟಿವಿ ಮತ್ತು ಸಿನಿಮಾದಲ್ಲಿ ಕೆಮಾಲ್ ಸುನಾಲ್ ಹಾಸ್ಯ. ವಿಮಾನ ಅಂದರೆ ಹೆದರುತ್ತಿದ್ದ ಅವರು 2000ದ ಜುಲೈ 3ರಂದು ಚಿತ್ರೀಕರಣಕ್ಕೆಂದು ತ್ರಾಬ್ಜೊನ್‌ಗೆ ಹೊರಟ ವಿಮಾನದಲ್ಲೇ ಹೃದಯಾಘಾತದಿಂದ ತೀರಿಕೊಂಡರು.

ಭಾರತದ ನಂಟೂ ಇಲ್ಲಿ ಚೂರು ಇದೆ. ರಾಜ್ ಕಪೂರ್ ಅವರ 'ಆವಾರಾ' 1950ರ ದಶಕದಲ್ಲಿ ತುರ್ಕಿಯನ್ನು ಹುಚ್ಚೆಬ್ಬಿಸಿತ್ತು. 1964ರಲ್ಲಿ ಅದರ ತುರ್ಕಿ ರೂಪ ಬಂದಾಗ ನಾಯಕ ಸಾದ್ರಿ ಆಲಿಶಿಕ್. 'ತುರಿಸ್ತ್ ಓಮೆರ್' ಎಂಬ ಅಲೆಮಾರಿ ಹಾಸ್ಯ ಪಾತ್ರವಾಗಿ ಆ ದಶಕವನ್ನು ಆಳಿದವರೂ ಅವರೇ. 1973ರಲ್ಲಿ ಓಮೆರ್ ಬಾಹ್ಯಾಕಾಶಕ್ಕೂ ಹೋಗಿಬಂದ. ಆ ಚಿತ್ರವನ್ನು ಅದರ ರಟ್ಟಿನ ಯಂತ್ರಗಳಿಗಾಗಿ ನೋಡಬೇಕು, ಇನ್ನೇನಕ್ಕೂ ಅಲ್ಲ.

1970ರ ದಶಕದ ಕೊನೆಗೆ ಈ ಮನೆ ಕುಸಿಯಿತು. ಟಿವಿ ಮನೆಮನೆಗೆ ಬಂತು, ಬೀದಿಯಲ್ಲಿ ಗುಂಡಿನ ಸದ್ದು, ಸಂಸಾರಸಮೇತ ಥಿಯೇಟರಿಗೆ ಬರುವವರು ನಿಂತರು. ಉಳಿದ ಗಂಡಸರಿಗಾಗಿ ಅಗ್ಗದ ಕಾಮ ಹಾಸ್ಯಚಿತ್ರಗಳ ಪ್ರವಾಹ. 1980ರಲ್ಲಿ ಹಣದುಬ್ಬರ ಶೇಕಡಾ 100 ದಾಟಿತು, ಸೆಪ್ಟೆಂಬರ್ 12ರಂದು ಸೇನೆ ಅಧಿಕಾರ ಹಿಡಿಯಿತು. ಆಮೇಲೆ ಬಂದ ಹಾಸ್ಯದಲ್ಲಿ ಒಂದು ಅದಲುಬದಲಾಗಿದೆ. ಎದುರು ನಿಂತಿದ್ದವನೇ ಈಗ ನಡುವಿಗೆ ಬಂದ. ಶಾಬಾನ್ ಪಕ್ಕಕ್ಕೆ ಸರಿದು ಶೆನೆರ್ ಶೆನ್ ಚೌಕಟ್ಟು ತುಂಬಿದರು.

1984ರ 'ನಾಮುಸ್ಲು' ನಿರ್ದೇಶಿಸಿದವರೂ ಎಯಿಲ್ಮೆಜ್, ಕಥೆ ಬಾಶಾರ್ ಸಾಬುಂಜು. ಶೆನ್ ಇಲ್ಲಿ ಅಲಿ ರಿಜಾ, ಕಚೇರಿಯ ಸಂಬಳ ತರುವ ಗುಮಾಸ್ತ. ಬ್ಯಾಂಕಿನಿಂದ ನಗದು ಚೀಲ ಹಿಡಿದು ಬರುವಾಗ ದರೋಡೆಯಾಗುತ್ತದೆ. ಇವನೇ ನುಂಗಿದ್ದಾನೆ ಅಂತ ಊರು ತೀರ್ಮಾನಿಸುತ್ತದೆ. ಇಲ್ಲಿಯವರೆಗೆ ಯಾರೂ ಊಹಿಸಬಹುದು. ಆದರೆ ಆಮೇಲೆ ಊರು ಅವನನ್ನು ದೂರ ಮಾಡುವುದಿಲ್ಲ, ತಲೆಮೇಲೆ ಹೊತ್ತುಕೊಳ್ಳುತ್ತದೆ. ಅಂಗಡಿಯವನು ಸಾಲ ಕೊಡುತ್ತಾನೆ, ಮನೆಯಲ್ಲಿ ಮರ್ಯಾದೆ ಏರುತ್ತದೆ. ನಾನು ಪ್ರಾಮಾಣಿಕ ಅಂತ ಅವನು ಕೂಗಿದಷ್ಟೂ 'ಎಂಥಾ ಚಾಲಾಕಿ' ಅಂತ ಮೆಚ್ಚುಗೆ. ಪಿಶೆಕಾರ್ ಒಬ್ಬನೇ ಉಳಿದು, ಇಡೀ ಊರೇ ಕವುಕ್ಲು ಆಗಿ ಅವನ ಮಾತನ್ನು ತಪ್ಪಾಗಿ ಕೇಳಿಸಿಕೊಳ್ಳುತ್ತಿದೆ.

ನೋಡಲು ಹೊರಟವರಿಗೆ ಒಂದೆರಡು ಮಾತು. ಹಳೆಯ ಮುದ್ರಿಕೆಗಳ ಚೌಕಟ್ಟು ಚೌಕಕ್ಕೆ ಹತ್ತಿರ. ಈಗಿನ ಟಿವಿಗೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿದ ಪ್ರತಿಗಳಲ್ಲಿ ಸುನಾಲ್ ಅವರ ನಡಿಗೆಯೂ ಶೆನ್ ಅವರ ಓಟವೂ ಕಾಲಿಲ್ಲದೆ ಹೋಗುತ್ತವೆ. ಎರಡೂ ಬದಿಗೆ ಕಪ್ಪು ಪಟ್ಟಿ ಇರುವ ಪ್ರತಿಯನ್ನೇ ಆರಿಸಿ. ಟಿವಿಯಿಂದ ಇಳಿಸಿದ ಪ್ರತಿಗಳಲ್ಲಿ ಸಿಗರೇಟಿಗೆಲ್ಲ ಮಬ್ಬು ಬಳಿದಿರುತ್ತಾರೆ, ಶಾಲೆಯ ಶೌಚಾಲಯದಲ್ಲಿ ಕದ್ದು ಸೇದುವ ದೃಶ್ಯದಲ್ಲಿ ಹೊಗೆ ಎಲ್ಲಿಂದ ಬಂತು ಅಂತಲೇ ತಿಳಿಯುವುದಿಲ್ಲ. ಯಂತ್ರ ತಾನಾಗಿ ಕೂರಿಸಿದ ಸಬ್‌ಟೈಟಲ್ ಪೂರ್ವ ಅನತೋಲಿಯಾದ ಹಳ್ಳಿಮಾತಿಗೆ ಬಂದಾಗ ಕೈಕೊಡುತ್ತದೆ. 1978ರ 'ಕಿಬಾರ್ ಫೆಯ್ಜೊ' ಅದರಲ್ಲಿ ಅರ್ಧಕ್ಕರ್ಧ ಸತ್ತುಹೋಗುತ್ತದೆ. ಮದುವೆಗೆ ವಧುದಕ್ಷಿಣೆ ಹೊಂದಿಸಲು ಒದ್ದಾಡುವ ಹಳ್ಳಿಗನೂ ಜಮೀನ್ದಾರನೂ ಎದುರುಬದುರಾಗುವ ಆ ಚಿತ್ರಕ್ಕೆ ಮನುಷ್ಯರು ಮಾಡಿದ ಅನುವಾದವೇ ಬೇಕು. 'ಹಬಾಬಾಮ್' ಹೆಸರಲ್ಲಿ 2000ದ ನಂತರ ಬಂದವನ್ನು ಬಿಟ್ಟರೆ ನಷ್ಟವಿಲ್ಲ.

ಕೊನೆಗಿಟ್ಟುಕೊಳ್ಳಬೇಕಾದ್ದು 1985ರ 'ಜುಯುರ್ತ್ ಆಗಾ'. ಬರೆದವರು ಯಾವುಜ್ ತುರ್ಗುಲ್, ನಿರ್ದೇಶನ ನೆಸ್ಲಿ ಚೋಲ್‌ಗೆಚೆನ್, ನಾಯಕ ಮತ್ತೆ ಶೆನ್. ಊರಿನ ಧಣಿಯಾಗಿದ್ದವನು ಎಲ್ಲ ಮಾರಿ ಇಸ್ತಾಂಬುಲ್ಲಿಗೆ ಬಂದು ಕೈ ಸುಟ್ಟುಕೊಂಡು ಟೊಮೆಟೊ ಮಾರಲು ಹೊರಡುತ್ತಾನೆ. ಬೀದಿಯಲ್ಲಿ ಕೂಗಬೇಕು. ಹುಟ್ಟಿನಿಂದ ಬೇರೆಯವರ ಕೈಯಲ್ಲಿ ಕೂಗಿಸಿಯೇ ಗೊತ್ತಿರುವ ಗಂಟಲು ಅದು, ನಾಚಿಕೆಗೆ ಕಟ್ಟಿಹೋಗುತ್ತದೆ. 'ದೊಮಾತೆಸ್' ಅನ್ನುವುದು ಪಿಸುಮಾತಿನಂತೆ ಹೊರಬರುತ್ತದೆ. ಆ ದೃಶ್ಯ ಬಂದಾಗ ಫ್ಯಾನು ಆರಿಸಿ, ಸದ್ದು ಸ್ವಲ್ಪ ಹೆಚ್ಚಿಸಿ. ಇಲ್ಲದಿದ್ದರೆ ಕೇಳಿಸುವುದೇ ಇಲ್ಲ.